ಹಳದಿ ಕಿಡಿ

ಹಾಲಿನವನು ತಂದ ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಡ್ಡಿದ ಹೆಂಗಸಲ್ಲ ನಾನು. ತರಕಾರಿಯವನು ತೂಕ ಮಾಡುವಾಗ ನನ್ನ ಕಣ್ಣು ತರಕಾರಿಯ ಮೇಲಿರುವುದಿಲ್ಲ, ತಕ್ಕಡಿ ಹಿಡಿದ ಅವನ ಕಿರುಬೆರಳಿನ ಮೇಲಿರುತ್ತದೆ. "ನಮ್ಮ ನಜೀರಾ ತನ್ನ ನೆರಳನ್ನೂ ಎರಡು ಸಲ ತಿರುಗಿ ನೋಡ್ತಾಳೆ" ಎಂದು ಅತ್ತೆ ಬದುಕಿರುವ ತನಕ ಆಡಿಕೊಂಡರು. ಆಡಿಕೊಳ್ಳಲಿ, ನನಗೇನು. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ಒಬ್ಬ ಮನುಷ್ಯನ ಮೇಲೆ ಮಾತ್ರ ನನಗೆ ಅನುಮಾನ ಬಂದಿರಲಿಲ್ಲ. ಅದು ನಮ್ಮ ಯಜಮಾನರು, ಮಹಬೂಬ್ ಸಾಬ್.

ತರೀಕೆರೆಯ ಬಿ.ಎಚ್. ರಸ್ತೆಯಲ್ಲಿ ಅವರದು ಮೋಟರ್ ಸೈಕಲ್ ರಿಪೇರಿ ಅಂಗಡಿ. ಮುಂದೆ ತಗಡಿನ ಚಪ್ಪರ, ಅದರ ಹಿಂದೆ ಸಾಮಾನಿನ ಕತ್ತಲೆ ಕೋಣೆ, ಅದರ ಹಿಂದೆ ನಮ್ಮ ಮನೆ. ಈಗಿನ ಗಾಡಿಗಳನ್ನು ಅವರು ಮುಟ್ಟುವುದು ಕಡಿಮೆ. ಜಾವಾ, ಯೆಜ್ಡಿ, ಹಳೇ ಬುಲೆಟ್, ಇಂಥವೇ ಬರುತ್ತವೆ. ಭಾನುವಾರ ಕೆಮ್ಮಣ್ಣುಗುಂಡಿ ಹತ್ತುವ ಹಳೇ ಗಾಡಿಯವರೆಲ್ಲ ಶನಿವಾರವೇ ನಮ್ಮಲ್ಲಿಗೆ ತಂದು ತೋರಿಸಿಕೊಂಡು ಹೋಗುತ್ತಾರೆ. ಕೀಲಿ ಇವರ ಕೈಗೆ ಕೊಟ್ಟು ಟೀ ಕುಡಿಯಲು ಹೋಗುತ್ತಾರೆಯೇ ಹೊರತು, ಪಕ್ಕದಲ್ಲಿ ನಿಂತು ಕಾವಲು ಕಾಯುವುದಿಲ್ಲ. ಬಿಚ್ಚಿದ ಹಳೇ ಸಾಮಾನನ್ನು ಒಂದು ಕವರಿಗೆ ಹಾಕಿ ಹ್ಯಾಂಡಲ್ಲಿಗೆ ಕಟ್ಟಿ ಕೊಡುವುದು ಇವರ ಪದ್ಧತಿ. ಸತ್ತ ಸಾಮಾನು ತಗೊಂಡು ಏನು ಮಾಡೋದು ಸಾಬ್ರೆ ಎಂದು ಎಷ್ಟೋ ಜನ ಅದನ್ನೂ ಬಿಚ್ಚಿ ಇಲ್ಲೇ ಬಿಟ್ಟುಹೋಗುತ್ತಾರೆ. ಆ ನಂಬಿಕೆಯೇ ನಮ್ಮ ಅನ್ನ.

ಮನೆಯಲ್ಲಿ ನಾವಾಡುವುದು ದಖನಿ ಉರ್ದು. ಜಗಳ ಬಿದ್ದರೆ ಮಾತ್ರ ನಾನು ಕನ್ನಡಕ್ಕೆ ಬರುತ್ತೇನೆ, ಬೈಯುವುದಕ್ಕೆ ಸಲೀಸು. ಈ ಕತೆಯಲ್ಲಿ ಜಗಳವೇ ಜಾಸ್ತಿ ಇರುವುದರಿಂದ ಎಲ್ಲವನ್ನೂ ಕನ್ನಡದಲ್ಲೇ ಹೇಳಿಬಿಡುತ್ತೇನೆ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಇವರು ನಮಾಜಿಗೆ ಹೋಗಿದ್ದಾಗ ಅಜ್ಜಂಪುರದ ಚಂದ್ರಕುಮಾರ್ ಬಂದ. ಅವರ ಮನೆಯದು ಅಲ್ಲಿ ಈರುಳ್ಳಿ ಮಂಡಿ. ಅವನು ಓಡಿಸುವುದು ತೀರಿಕೊಂಡ ಅಪ್ಪನ ಯೆಜ್ಡಿ. ಬಂದರೆ ಅಕ್ಕ ಅಕ್ಕ ಎನ್ನುತ್ತಾ ಚಾ ಕುಡಿಯದೆ ಹೋಗುವವನಲ್ಲ. ಅವತ್ತು ಕೂರಲೂ ಇಲ್ಲ. ಜೇಬಿನಿಂದ ಒಂದು ಹಳೇ ಕಾಯಿಲ್ ತೆಗೆದು ನನ್ನ ಮುಂದಿದ್ದ ಮೇಜಿನ ಮೇಲಿಟ್ಟ.

"ಹೋದ ತಿಂಗಳು ಇದು ಸತ್ತಿದೆ ಅಂತ ಬಿಚ್ಚಿ ಹೊಸದು ಹಾಕಿದ್ರು ಸಾಬ್ರು. ನಾಕು ದಿನಕ್ಕೆ ಗಾಡಿ ಮತ್ತೆ ನಿಂತೋಯ್ತು. ಕಡೂರಲ್ಲಿ ಮೆಕ್ಯಾನಿಕ್ ಬೆನಕಪ್ಪನ ಹತ್ರ ತೋರಿಸ್ದೆ. ತೊಂದರೆ ಇದ್ದದ್ದೇ ಬೇರೆ ಕಡೆ. ಈ ಕಾಯಿಲ್‌ಗೆ ಏನೂ ಆಗಿಲ್ಲ, ಗುಂಡುಕಲ್ಲು ಇದ್ದಂಗೈತೆ ಅಂದ."

"ಬೆನಕಪ್ಪ ಹೇಳ್ದಾ? ಸರಿ ಬಿಡು. ಅವನಿಗೂ ನಮಗೂ ಆಗಿಬರಲ್ಲ."

"ಅವನು ಹೇಳ್ದ ಅಂತ ಸುಮ್ನಾಗ್ಲಿಲ್ಲ ಅಕ್ಕ. ಅದನ್ನೇ ತಿರುಗಿ ಗಾಡಿಗೆ ಹಾಕಿ ಅಜ್ಜಂಪುರದ ತನಕ ಓಡಿಸ್ಕೊಂಡೋದೆ. ಹೂವು ಎತ್ತಿದಂಗೆ ಹೋಯ್ತು." ಅವನು ಕಾಯಿಲಿನ ಮೇಲೆ ಬೆರಳಿಟ್ಟ. "ಅಪ್ಪನ ಗಾಡೀದು ಅಂತ ನಾನು ಹಳೇದನ್ನ ಮನೆಗೆ ತಗೊಂಡೋಗಿದ್ದಕ್ಕೆ ಗೊತ್ತಾಯ್ತು. ಬಾಕಿಯೋರೆಲ್ಲ ಇಲ್ಲೇ ಬಿಟ್ಟೋಗ್ತಾರೆ. ಇಂಥ ಒರಿಜಿನಲ್ ಕಾಯಿಲ್ ಅಂದ್ರೆ ಬೆಂಗಳೂರಲ್ಲಿ ಬಾಯಿ ಬಾಯಿ ಬಿಡ್ತಾರೆ. ಒಳ್ಳೇದನ್ನ ಸತ್ತಿದೆ ಅನ್ನೋದು, ಹೊಸದು ಹಾಕೋದು, ಹಳೇದನ್ನ ಇಟ್ಕೊಳೋದು. ಇದೇನಕ್ಕ ಇದು?"

ಮೈಯೆಲ್ಲ ಉರಿದುಹೋಯಿತು. "ಲೇ ಚಂದ್ರಕುಮಾರ, ನಿಮ್ಮಪ್ಪ ಬದುಕಿದ್ದಿದ್ರೆ ಈ ಮಾತಿಗೆ ನಿನ್ನ ಕೆನ್ನೆಗೆ ಬಾರಿಸ್ತಿದ್ದ. ಅವನು ಸಾಯೋ ತನಕ ಬೇರೆಯೋರ ಕೈಲಿ ಗಾಡಿ ಮುಟ್ಟಿಸ್ಲಿಲ್ಲ. ನಡಿ ಆಚೆಗೆ" ಎಂದೆ.

"ಹೋಗ್ತೀನಿ. ಸಾಬ್ರನ್ನೇ ಕೇಳ್ಬೇಕು, ಎಷ್ಟೊತ್ತಿಗೆ ಬತ್ತಾರೆ?"

"ಬೀರೂರಿಗೆ ಹೋಗಿದಾರೆ, ರಾತ್ರಿಯಾಗುತ್ತೆ" ಎಂದು ಸುಳ್ಳು ಹೇಳಿದೆ.

"ಹಂಗಾದ್ರೆ ಮುಂದಿನ ಶನಿವಾರ ಬತ್ತೀನಿ. ಮಾರನೇ ದಿನ ಗಾಡಿಯೋರೆಲ್ಲ ಸೇರ್ತಾರೆ. ಅಷ್ಟ್ರಲ್ಲಿ ಇದು ಇತ್ಯರ್ಥ ಆಗ್ಬೇಕು. ಇಲ್ಲಾಂದ್ರೆ ಅವರಿಗೆ ಹೇಳ್ದೆ ಇರಕ್ಕಾಗಲ್ಲ ನಂಗೆ" ಎಂದು ಕಾಯಿಲನ್ನು ಜೇಬಿಗೆ ಹಾಕಿಕೊಂಡು ಹೋದ.

ಅವನು ಹಾಗೆ ಹೇಳಿದರೆ ನಮ್ಮ ಅಂಗಡಿಯ ಕತೆ ಅಲ್ಲಿಗೆ ಮುಗಿದಂತೆ. ಕಡೂರಿನಿಂದ ಅಜ್ಜಂಪುರದ ತನಕ ಒಂದೇ ದಿನದಲ್ಲಿ ಸುದ್ದಿ ಮುಟ್ಟುತ್ತದೆ. ಆದರೆ ನಿಜ ಹೇಳುತ್ತೇನೆ, ಅಂಗಡಿಯ ಯೋಚನೆ ಬಂದದ್ದು ಆಮೇಲೆ. ಮೊದಲು ಬಂದದ್ದು, ನಾನು ಇಷ್ಟು ವರ್ಷ ಬಡಿಸಿದ್ದು ಒಬ್ಬ ಕಳ್ಳನಿಗಾ ಎಂಬ ಯೋಚನೆ.

ಇವರು ನಮಾಜು ಮುಗಿಸಿ ಬಂದು, "ಯಾರೋ ಬಂದೋದಂಗಿತ್ತು" ಎಂದರು.

"ಯಾರೂ ಇಲ್ಲ" ಎಂದೆ.

ಕಾಯಿಲ್ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಸಣ್ಣ ಲೋಟದಷ್ಟು ದಪ್ಪದ ಒಂದು ಡಬ್ಬಿ. ಬ್ಯಾಟರಿಯ ಬಡ ಕರೆಂಟನ್ನು ಬಲ ಮಾಡಿ ಪ್ಲಗ್ಗಿಗೆ ಕಳಿಸುತ್ತದೆ. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ, ಪೆಟ್ರೋಲು ಹೊತ್ತಿಕೊಳ್ಳುತ್ತದೆ, ಗಾಡಿ ಓಡುತ್ತದೆ. ಕಿಡಿ ನೀಲಿಯಾಗಿ ಚಟ್ಟನೆ ಹಾರಿದರೆ ಕಾಯಿಲಿಗೆ ಜೀವ ಇದೆ. ಹಳದಿಯಾಗಿ ಮೆತ್ತಗೆ ಹಾರಿದರೆ ಅದರ ಆಯಸ್ಸು ತೀರಿತು. ಬೆನಕಪ್ಪನಂಥವರು ಮೀಟರ್ ಇಟ್ಟು ನೋಡುತ್ತಾರೆ. ನಮ್ಮವರಿಗೆ ಮೀಟರ್ ಎಂದರೆ ತಾತ್ಸಾರ, ಕಿಡಿಯ ಬಣ್ಣ ನೋಡಿಯೇ ಹೇಳಬೇಕು. ಅದಕ್ಕೆಂದು ಬ್ಯಾಟರಿ, ಒಂದು ಪ್ಲಗ್ಗು, ಒಂದು ಸ್ವಿಚ್ಚು ಕೂಡಿಸಿದ ಟೆಸ್ಟ್ ಹಲಗೆಯೊಂದನ್ನು ಅವರೇ ಮಾಡಿಕೊಂಡಿದ್ದಾರೆ. ಮುಂಚೆ ಅದು ಚಪ್ಪರದ ಕೆಳಗೇ ಇರುತ್ತಿತ್ತು. "ಬನ್ನಿ, ನೀವೇ ನೋಡಿ ಬಣ್ಣವ" ಎಂದು ಗಿರಾಕಿಗಳನ್ನು ಕೈಹಿಡಿದು ಕರೆದು ತೋರಿಸುತ್ತಿದ್ದರು.

ಚಂದ್ರಕುಮಾರ್ ಬಂದುಹೋದ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಆಗ ಒಂದೊಂದೇ ಕಾಣತೊಡಗಿತು. ಆ ಟೆಸ್ಟ್ ಹಲಗೆ ಈಗ ಚಪ್ಪರದಲ್ಲಿರಲಿಲ್ಲ, ಕತ್ತಲೆ ಕೋಣೆಗೆ ಹೋಗಿತ್ತು. ಕಾಯಿಲ್ ಟೆಸ್ಟ್ ಮಾಡುವಾಗ ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊರಗೆ ಬಂದು, "ಹಳದಿ. ಹೋಗಿದೆ" ಎನ್ನುತ್ತಿದ್ದರು. ಗಿರಾಕಿ ತಲೆ ಅಲ್ಲಾಡಿಸುತ್ತಿದ್ದ. ಯಾರನ್ನೂ ಕರೆದು ತೋರಿಸುತ್ತಿರಲಿಲ್ಲ. ಯಾಕೆ ಬಾಗಿಲು ಹಾಕ್ಕೊಳ್ತೀರಿ ಎಂದು ಕೇಳಿದ್ದಕ್ಕೆ, "ಹೊರಗೆ ಬೆಳಕು ಜಾಸ್ತಿ" ಎಂದರು. ಈ ಮೂವತ್ತು ವರ್ಷ ಬೆಳಕು ಇರಲಿಲ್ಲವೇ.

ಮನುಷ್ಯನೂ ಬದಲಾಗಿದ್ದ. ಎಲ್ಲದಕ್ಕೂ ತಪ್ಪು ಹುಡುಕುವುದು. "ಟೋಪಿ ನೋಡು, ಹಳದಿ ತಿರುಗಿದೆ. ನೀಲಿ ಅದ್ದಲ್ವಾ ನೀನು?" ಎಂದು ಬಿಳೀ ಟೋಪಿ ಹಿಡಿದು ಶುಕ್ರವಾರ ಶುಕ್ರವಾರ ಜಗಳ. ಟೋಪಿ ಹಾಲಿನಂತಿತ್ತು. ಮಾಡಬಾರದ್ದು ಮಾಡುವ ಗಂಡಸು ಹೆಂಡತಿಯ ಮೇಲೆ ಹರಿಹಾಯುವುದು ಹೊಸದೇನಲ್ಲ, ನಮ್ಮ ಓಣಿಯಲ್ಲೇ ಬೇಕಾದಷ್ಟು ಕಂಡಿದ್ದೇನೆ.

ಬುಧವಾರ ಫೋನ್ ಬಂತು. ಇವರ ಕೈ ಎಣ್ಣೆಯಾಗಿದ್ದರಿಂದ ನಾನೇ ಎತ್ತಿದೆ. ಬೆಂಗಳೂರಿನವನು ಯಾರೋ, "ಹಳೇ ಯೆಜ್ಡಿ ಕಾಯಿಲ್ ವಿಷಯ, ಸಾಬ್ರು ಇದಾರಾ?" ಎಂದ. ಇವರು ಫೋನ್ ಕಸಿದುಕೊಂಡವರಂತೆ ಕೈಗೆ ತೆಗೆದುಕೊಂಡು, ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಮಾತಾಡಿದರು. ಬಂದ ಮೇಲೆ, "ಯಾರೋ ತಲೆಕೆಟ್ಟೋನು" ಎಂದರು. ತಲೆಕೆಟ್ಟವನ ಜೊತೆ ಅಷ್ಟು ಹೊತ್ತು ಯಾರು ಮಾತಾಡುತ್ತಾರೆ. ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎನ್ನಿಸಿತು.

ಶುಕ್ರವಾರ ಇವರು ಜುಮ್ಮಾ ನಮಾಜಿಗೆ ಹೊರಟಿದ್ದೇ ತಡ, ನಾನು ಕತ್ತಲೆ ಕೋಣೆಗೆ ನುಗ್ಗಿದೆ. ಹಲಗೆಯ ಕೆಳಗೆ ಒಂದು ಎಣ್ಣೆ ಡಬ್ಬ. ಅದರ ತುಂಬ ಹಳೇ ಕಾಯಿಲುಗಳು, ಒಂದೊಂದನ್ನೂ ಒರೆಸಿ ಕಾಗದ ಸುತ್ತಿ ಇಟ್ಟಿದ್ದರು. ಸತ್ತ ಸಾಮಾನಿಗೆ ಯಾರಾದರೂ ಇಷ್ಟು ಉಪಚಾರ ಮಾಡುತ್ತಾರೆಯೇ. ಆದರೂ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಟೆಸ್ಟ್ ಹಲಗೆ ಎಳೆದುಕೊಂಡೆ. ಮೆಕ್ಯಾನಿಕ್ಕಿನ ಹೆಂಡತಿಗೆ ಎರಡು ವೈರು ಕೊಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲನೆಯ ಕಾಯಿಲಿಗೆ ವೈರು ಕೊಟ್ಟು ಸ್ವಿಚ್ಚು ಒತ್ತಿ ಬಿಟ್ಟೆ. ಚಟ್ಟೆಂದಿತು. ನೀಲಿ.

ಎರಡನೆಯದು ನೀಲಿ. ಅದರಾಚೆಯದೂ ನೀಲಿ.

ಆದರೂ ಗಂಡ. ಅವರಿಗೊಂದು ಅವಕಾಶ ಕೊಡಬೇಕೆನ್ನಿಸಿತು. ಕೆಲವು ಕಾಯಿಲ್ ತಣ್ಣಗಿರುವಾಗ ಸಭ್ಯವಾಗಿದ್ದು, ಗಾಡಿ ಓಡಿ ಬಿಸಿಯಾದ ಮೇಲೆ ಕೈಕೊಡುತ್ತವೆ. ಅದನ್ನು ಹಿಡಿಯಲು ಇವರದೇ ಒಂದು ಉಪಾಯ ಇತ್ತು. ಕಾಯಿಲನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಬೇಯಿಸಿ, ಬಿಸಿಬಿಸಿಯಾಗಿಯೇ ಟೆಸ್ಟ್ ಮಾಡುವುದು. ತವರಿನವರು ಕೊಟ್ಟ ನನ್ನ ಇಡ್ಲಿ ಪಾತ್ರೆ ಹೋದದ್ದು ಈ ಘನಕಾರ್ಯಕ್ಕೆ. ಅದನ್ನೇ ಒಲೆಯ ಮೇಲಿಟ್ಟು ಅಷ್ಟನ್ನೂ ಬೇಯಿಸಿದೆ. ಬಟ್ಟೆ ಹಿಡಿದು ಒಂದೊಂದಾಗಿ ತೆಗೆದು ಟೆಸ್ಟ್ ಮಾಡುವಾಗ ಯಾ ಅಲ್ಲಾ, ಒಂದಾದರೂ ಹಳದಿ ಬರಲಿ ಎಂದು ಬೇಡಿಕೊಂಡೆ. ಎಲ್ಲವೂ ನೀಲಿಯೇ.

ಒರೆಸಿ, ಕಾಗದ ಸುತ್ತಿ, ಇದ್ದ ಹಾಗೇ ಡಬ್ಬಕ್ಕೆ ಹಾಕಿದೆ. ಆಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು ಅತ್ತೆ. ಇವರು ಬಂದು ಊಟಕ್ಕೆ ಕೂತಾಗ ಮೀನಿನ ದೊಡ್ಡ ತುಂಡನ್ನು ನಾನೇ ಇಟ್ಟುಕೊಂಡು ಬಾಲವನ್ನು ಅವರ ತಟ್ಟೆಗೆ ಹಾಕಿದೆ. ಇವರು ಏನೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಸಿಡಿಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಇನ್ನೊಂದು ಶುರುವಾಯಿತು. ಇವರು ಸ್ಪೇರ್ ಪಾರ್ಟ್ಸ್ ಅಂಗಡಿಯ ಬಸವೇಶನಿಗೆ ಫೋನ್ ಮಾಡಿ, "ನೀನು ಕೊಡ್ತಿರೋ ಹೊಸ ಕಾಯಿಲ್ ಎಲ್ಲ ಡೂಪ್ಲಿಕೇಟು ಕಣಯ್ಯಾ. ಸೀಲ್ ಒಡೆದು ಹಾಕಿದ್ರೂ ಹಳದಿ ಕಿಡಿ ಬತ್ತದೆ. ನನ್ನ ಹೆಸರು ಕೆಡಿಸ್ತಿದೀಯ" ಎಂದು ಕೂಗಾಡಿದರು. ಬಸವೇಶ ಮಠಕ್ಕೆ ನಡೆದುಕೊಳ್ಳುವ ಮನೆಯವನು, ಮಾತಿಗೆ ಮುಂಚೆ ಶಿವನ ಹೆಸರು ತೆಗೆಯುವವನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ನಮ್ಮವರು ತಮ್ಮ ಹೆಗಲಿನದನ್ನು ಇನ್ನೊಬ್ಬನ ಹೆಗಲಿಗೆ ಹೊರಿಸುತ್ತಿದ್ದಾರೆ ಎಂದುಕೊಂಡೆ. ಕದ್ದದ್ದಲ್ಲದೆ ಇದು ಬೇರೆ. ಅಸಹ್ಯವಾಯಿತು.

ಮಧ್ಯಾಹ್ನದ ಹೊತ್ತಿಗೆ ಚಂದ್ರಕುಮಾರ್ ಯೆಜ್ಡಿ ತಂದು ಚಪ್ಪರದ ಕೆಳಗೆ ನಿಲ್ಲಿಸಿದ. ಅವನ ಹಿಂದೆಯೇ ಬಸವೇಶ ಒಂದು ಹೊಸ ಕಾಯಿಲಿನ ಡಬ್ಬಿ ಹಿಡಿದು ಬಂದ. ಇಬ್ಬರೂ ಮಾತಾಡಿಕೊಂಡು ಬಂದವರಲ್ಲ, ಇಬ್ಬರ ಸಿಟ್ಟೂ ಬೇರೆ ಬೇರೆ. ಆದರೆ ಚಂದ್ರಕುಮಾರ್ ತನ್ನ ಮಾತು ಹೇಳಿ ಮುಗಿಸಿದ ಮೇಲೆ ಬಸವೇಶನಿಗೆ ಎಲ್ಲ ಅರ್ಥವಾದಂತಾಯಿತು.

"ಓಹೋ, ಹಿಂಗೋ ವಿಷಯ. ಹಳೇ ಒಳ್ಳೇದನ್ನ ಒಳಗೆ ಹಾಕ್ಕೊಂಡು, ಕೇಳಿದ್ರೆ ನನ್ನ ಮಾಲು ಡೂಪ್ಲಿಕೇಟಾ ಸಾಬ್ರೆ?" ಎಂದ.

ಇವರ ಮುಖ ಕಪ್ಪಿಟ್ಟಿತು. "ನಾನು ಒಳಗೆ ಹಾಕ್ಕೊಂಡ್ನಾ? ಚಂದ್ರಕುಮಾರ್, ನಿಮ್ಮಪ್ಪ ನನ್ನ ದೋಸ್ತ ಕಣಯ್ಯಾ."

"ಅದಕ್ಕೇ ಬಂದು ನಿಮ್ಮನ್ನೇ ಕೇಳ್ತಿದೀನಿ ಸಾಬ್ರೆ. ಟೆಸ್ಟ್ ಮಾಡಿ ತೋರಿಸಿ. ಇದು ಸತ್ತಿದ್ರೆ ನಿಮ್ಮ ಕಾಲಿಗೆ ಬೀಳ್ತೀನಿ."

"ನಡೀರಿ ಒಳಗೆ" ಎಂದು ಇವರು ಕತ್ತಲೆ ಕೋಣೆಯ ಕಡೆ ತಿರುಗಿದರು.

"ಒಳಗೆ ಬೇಡ. ಇಲ್ಲೇ, ಎಲ್ಲರ ಎದುರಿಗೆ."

ಟೆಸ್ಟ್ ಹಲಗೆಯನ್ನು ನಾನೇ ತಂದಿಟ್ಟೆ. ನೆರಳಾಗಲಿ ಎಂದು ಬಸವೇಶ ಒಂದು ಗೋಣಿಚೀಲವನ್ನು ಬಿಸಿಲಿಗೆ ಅಡ್ಡ ಹಿಡಿದ. ಇವರು ಚಂದ್ರಕುಮಾರನ ಕಾಯಿಲಿಗೆ ವೈರು ಕೊಟ್ಟು, ಮೂಗು ಪ್ಲಗ್ಗಿಗೆ ತಾಗುವಷ್ಟು ಬಗ್ಗಿ, ಸ್ವಿಚ್ಚು ಒತ್ತಿ ಬಿಟ್ಟರು. ಚಟ್. ಸೂಜಿಯಷ್ಟು ಸಪೂರ, ಕಡುನೀಲಿ. ನಾನು ಕಂಡೆ, ಎಲ್ಲರೂ ಕಂಡರು.

"ಶಬ್ದ ಇದೆ, ಬಣ್ಣ ಇಲ್ಲ. ಹಳದಿ" ಎಂದರು ಇವರು.

ಚಂದ್ರಕುಮಾರ್ ಬಸವೇಶನ ಮುಖ ನೋಡಿದ. ಬಸವೇಶ ತನ್ನ ಹೊಸ ಕಾಯಿಲನ್ನು ಕೊಟ್ಟ. ಅದೂ ನೀಲಿಯೇ. "ನೋಡು, ಇದೂ ಹಳದಿ. ನಾನು ಹೇಳ್ಲಿಲ್ವಾ?" ಎಂದರು ಇವರು, ಗೆದ್ದವರ ದನಿಯಲ್ಲಿ.

"ಶಿವ ಶಿವಾ, ನಾಲಿಗೆ ಹೆಂಗೆ ತಿರುಗ್ತದೆ ಸಾಬ್ರೆ ನಿಮಗೆ" ಎಂದ ಬಸವೇಶ. "ಕಣ್ಣೆದುರಿಗೆ ನೀಲಿ ಹಾರ್ತಿದೆ, ಹಳದಿ ಅಂತೀರಲ್ಲ. ನಾವೇನ್ ಕುರುಡರಾ?"

ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಸುಳ್ಳು ಹೇಳುವವನು ಹೇಳಿದ ಮೇಲೆ ಎದುರಿನವರ ಮುಖ ನೋಡುತ್ತಾನೆ, ನಂಬಿದರೋ ಇಲ್ಲವೋ ಎಂದು. ಅನುಮಾನದಲ್ಲೇ ಜೀವ ಸವೆಸಿದ ನನಗೆ ಇದೊಂದು ಗೊತ್ತು. ಇವರು ಯಾರ ಮುಖವನ್ನೂ ನೋಡಲಿಲ್ಲ. ಮತ್ತೆ ಮತ್ತೆ ಸ್ವಿಚ್ಚು ಒತ್ತಿ ಆ ಕಿಡಿಯನ್ನೇ ನೋಡುತ್ತಿದ್ದರು, ಹುಬ್ಬು ಗಂಟಿಕ್ಕಿ, ಪಾಪ, ನಿಜಕ್ಕೂ ನೋಡುತ್ತಿದ್ದರು. ಅವರ ತಲೆಯ ಮೇಲೆ ಆ ಬಿಳೀ ಟೋಪಿ ಇತ್ತು. ಹಾಲಿನಂತಿದ್ದ ಅದನ್ನೇ ಅಲ್ಲವೇ ಇವರು ಹಳದಿ ಎಂದು ಜಗಳ ತೆಗೆದದ್ದು.

"ರೀ, ನಿಮಗೆ ಕಣ್ಣು ಕಾಣ್ತಿಲ್ಲ" ಎಂದೆ.

ಇವರು ತಲೆ ಎತ್ತಿದರು. ನನ್ನನ್ನು ನೋಡಿದರು, ಪ್ಲಗ್ಗನ್ನು ನೋಡಿದರು, ಸುತ್ತ ನಿಂತವರನ್ನು ನೋಡಿದರು. ಆಗ ಅವರಿಗೂ ಹೊಳೆಯಿತು ಎಂದು ಅವರ ತುಟಿಯ ಮೇಲೇ ನನಗೆ ಕಂಡಿತು. ಆದರೆ ಆ ಮನುಷ್ಯ ಏನು ಮಾಡಿದರು ಗೊತ್ತೇ. ನೆಟ್ಟಗೆ ನಿಂತು, ಕೈ ಒರೆಸಿಕೊಂಡು, "ನನ್ನ ಕಣ್ಣಿಗೆ ಏನೂ ಆಗಿಲ್ಲ. ಸುಳ್ಳು ಹೇಳ್ದೆ. ಆಸೆ ಬಿದ್ದೆ, ಒಳ್ಳೇ ಕಾಯಿಲ್‌ನ ಸತ್ತಿದೆ ಅಂದೆ. ತಪ್ಪಾಯ್ತು ಚಂದ್ರಕುಮಾರ್. ಬಸವೇಶ್, ನಿನ್ನ ಮಾಲು ಚೆನ್ನಾಗಿದೆ" ಎಂದರು.

ನನ್ನ ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ ಆ ಎಣ್ಣೆ ಡಬ್ಬ ಎತ್ತಿಕೊಂಡು ಬಂದು ಚಪ್ಪರದ ನೆಲದ ಮೇಲೆ ಬೋರಲು ಹಾಕಿದೆ. ಕಾಯಿಲುಗಳು ಬಸವೇಶನ ಕಾಲ ತನಕ ಉರುಳಿದವು.

"ನೋಡ್ಕೊಳಿ ಇಬ್ರೂ. ಕಳ್ಳ ಆಗಿದ್ರೆ ಇವೆಲ್ಲ ಇನ್ನೂ ಇಲ್ಲಿರ್ತಿದ್ವಾ? ಬೆಂಗಳೂರೋನು ಫೋನ್ ಮೇಲೆ ಫೋನ್ ಮಾಡ್ತಾವ್ನೆ, ಒಂದೂ ಹೋಗಿಲ್ಲ. ಇಷ್ಟನ್ನೂ ನಾನು ಟೆಸ್ಟ್ ಮಾಡಿದೀನಿ. ತಣ್ಣಗಿರೋವಾಗ ಮಾಡಿದೀನಿ, ಇಡ್ಲಿ ಪಾತ್ರೇಲಿ ಬೇಯಿಸಿ ಮಾಡಿದೀನಿ. ಎಲ್ಲಾ ನೀಲಿ. ಈ ಮನುಷ್ಯಂಗೆ ನೀಲಿ ಹಳದಿಯಾಗಿ ಕಾಣ್ತಿದೆ ಕಣ್ರೀ, ಇವನ ಟೋಪಿನೇ ಇವನಿಗೆ ಹಳದಿ." ಸಿಟ್ಟಿನಲ್ಲಿ ಗಂಡನಿಗೆ ಏಕವಚನ ಬಂದುಬಿಟ್ಟಿತು. ಹೊದ್ದಿದ್ದ ದುಪಟ್ಟಾ ಎಳೆದು ಇವರ ಮುಖಕ್ಕೆ ಹಿಡಿದೆ. "ಹೇಳಿ ಈಗ. ಇದು ಯಾವ ಬಣ್ಣ?"

ಇವರು ಬಹಳ ಹೊತ್ತು ನೋಡಿದರು. "ಹಸಿರು" ಎಂದರು. ಅದು ನೀಲಿ.

ನನಗೆ ಎಂಥ ಸಂತೋಷವಾಯಿತು ಎಂದರೆ, ಹೇಳಲು ನಾಚಿಕೆಯಾಗುತ್ತದೆ. ಗಂಡನ ಕಣ್ಣು ಮಂಜಾಗಿದೆ ಎಂದು ಗೊತ್ತಾಗಿ ನಗು ಬಂದ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಕಳ್ಳನಲ್ಲ, ನನ್ನ ಗಂಡ ಕಳ್ಳನಲ್ಲ. ಅಷ್ಟೇ ತಲೆಯಲ್ಲಿ ಓಡುತ್ತಿತ್ತು. ಚಂದ್ರಕುಮಾರ್ ಬಗ್ಗಿ ಕಾಯಿಲುಗಳನ್ನು ಒಂದೊಂದಾಗಿ ಆಯ್ದು ಡಬ್ಬಕ್ಕೆ ತುಂಬಿದ. ಬಸವೇಶ ಗೋಣಿಚೀಲ ಮಡಿಸಿಟ್ಟು, "ಶಿವಮೊಗ್ಗದಲ್ಲಿ ನಮ್ಮ ಅಮ್ಮಂಗೆ ಕಣ್ಣಿನ ಪೊರೆ ತೆಗೆಸಿದ್ವಿ ಸಾಬ್ರೆ. ಈಗ ಸೂಜಿಗೆ ದಾರ ಪೋಣಿಸ್ತಾರೆ. ನಾನೇ ಕರ್ಕೊಂಡೋಗ್ತೀನಿ" ಎಂದ. ಇಬ್ಬರೂ ಇವರ ಕೈ ಹಿಡಿದು ಮಾತಾಡಿ ಹೋದರು.

ಅವರು ಹೋದ ಮೇಲೆ ಇವರು ಸ್ಟೂಲಿನ ಮೇಲೆ ಕೂತರು. ನಾನು ಚಾ ತಂದುಕೊಟ್ಟೆ.

"ಕಳ್ಳ ಅಂತ ಒಪ್ಕೊಂಡ್ರಲ್ಲ, ಯಾಕೆ?" ಎಂದೆ.

"ಕಳ್ಳ ಅಂದ್ರೆ ಒಂದಿನ ಮರೀತಾರೆ. ಕಣ್ಣು ಕಾಣದ ಮೇಸ್ತ್ರಿ ಹತ್ರ ಯಾರು ಗಾಡಿ ಬಿಡ್ತಾರೆ? ಮಂಜು ಮಂಜು ಅಂತ ಗೊತ್ತಿತ್ತು, ಕತ್ತಲಲ್ಲಿ ನೋಡಿದ್ರೆ ಸರಿ ಹೋಗುತ್ತೆ ಅಂದ್ಕೊಂಡೆ. ಬಣ್ಣಾನೂ ಹೋಗಿದೆ ಅಂತ ನನಗೇನ್ ಗೊತ್ತು."

"ಆ ಬೆಂಗಳೂರೋನು?"

"ಅವನು ಕೇಳ್ತಾನೇ ಇದ್ದ. ಸತ್ತ ಕಾಯಿಲ್ ಕೊಟ್ಟು ಕಾಸು ತಗೊಂಡ್ರೆ ಮೋಸ ಆಗುತ್ತೆ, ಬೇಡ ಅಂದೆ. ಗೋಡೆಗೆ ಅಂದಕ್ಕೆ ಇಟ್ಕೊಳೋರಿಗೆ ಪುಕ್ಕಟೆ ಕೊಡೋಣ ಅಂತ ಒರೆಸಿ ಇಟ್ಟಿದ್ದೆ." ಚಾ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು, "ಎಲ್ಲಾ ಟೆಸ್ಟ್ ಮಾಡಿದೀನಿ ಅಂದ್ಯಲ್ಲ. ಯಾವಾಗ ಮಾಡ್ದೆ?"

ನಾನು ಆ ಕ್ಷಣದ ತನಕ ಅದನ್ನು ಯೋಚಿಸಿಯೇ ಇರಲಿಲ್ಲ. "ನಿನ್ನೆ. ನೀವು ಜುಮ್ಮಾಕ್ಕೆ ಹೋದಾಗ" ಎಂದೆ.

"ಚಂದ್ರಕುಮಾರ್ ಬಂದಿದ್ದು ಇವತ್ತು."

"ಮುಂಚೆ ಒಂದ್ಸಲ ಬಂದಿದ್ದ. ನೀವಿರ್ಲಿಲ್ಲ."

"ಯಾರೂ ಬಂದಿಲ್ಲ ಅಂದಿದ್ದೆ." ಇವರು ನನ್ನ ಕಡೆ ತಿರುಗಿದರು. ನನ್ನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತೋ ಏನೋ. "ಹಂಗಾದ್ರೆ ನೀನೂ ನನ್ನನ್ನ ಕಳ್ಳ ಅಂತ್ಲೇ ಅಂದ್ಕೊಂಡೆ. ಅಂದ್ಕೊಂಡು, ಕೋಣೆಗೆ ಹೋಗಿ ಹುಡುಕಿ, ಬೇಯಿಸಿ ನೋಡಿ, ಮತ್ತೆ ಊಟಕ್ಕೆ ಬಡಿಸ್ದೆ. ಒಂದು ಮಾತು ಕೇಳ್ಬೋದಿತ್ತು ನಜೀರಾ."

"ಕೇಳಿದ್ರೆ ಕಣ್ಣಿನ ವಿಷಯ ಹೇಳ್ತಿದ್ರಾ ನೀವು?" ಎಂದು ಜೋರು ಮಾಡಿದೆ. ಸೋಲುವಾಗ ಜೋರು ಮಾಡುವುದು ನನ್ನ ಅಭ್ಯಾಸ.

"ಇಲ್ಲ" ಎಂದರು. ಕೆಳಗಿಟ್ಟಿದ್ದ ಲೋಟ ಎತ್ತಿ ನನ್ನ ಕೈಗೆ ಕೊಟ್ಟು, "ಆದ್ರೂ ಕೇಳ್ಬೋದಿತ್ತು" ಎಂದರು.

ಶಿವಮೊಗ್ಗದ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಹಳದಿ ಗಾಜಿನಲ್ಲಿ ನೋಡಿದಂತೆ ಕಾಣುತ್ತದೆ ಎಂದರು. ಸಕ್ಕರೆ ಕಾಯಿಲೆ ಏರಿದ್ದರಿಂದ, ಅದು ಇಳಿದ ಮೇಲೆ ಆಪರೇಷನ್ ಎಂದರು. ಅಂಗಡಿ ಮುಚ್ಚಬೇಕಾಗಲಿಲ್ಲ. ಸಾಬ್ರ ಕೈಗೆ ಏನೂ ಆಗಿಲ್ಲ, ಬಣ್ಣ ಹೇಳಕ್ಕೆ ಅಕ್ಕ ಇದಾರೆ ಎಂದು ಗಾಡಿಯವರಿಗೆಲ್ಲ ಹೇಳಿದವನು ಚಂದ್ರಕುಮಾರನೇ. ಟೆಸ್ಟ್ ಹಲಗೆ ಚಪ್ಪರಕ್ಕೆ ವಾಪಸು ಬಂತು. ಇವರು ಬಿಚ್ಚುತ್ತಾರೆ, ಜೋಡಿಸುತ್ತಾರೆ, ಕಿಡಿ ನೋಡಿ ಹೇಳುವುದು ನಾನು. ಮನೆಯಲ್ಲಿ ಮಾತುಕತೆ ಮೊದಲಿನಂತೆಯೇ ಇದೆ. ಮೀನಿನ ದೊಡ್ಡ ತುಂಡನ್ನು ಈಗ ಅವರಿಗೇ ಹಾಕುತ್ತೇನೆ, ಅವರು ಅದನ್ನು ಮುರಿದು ಅರ್ಧ ನನ್ನ ತಟ್ಟೆಗೆ ಇಡುತ್ತಾರೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ಚಂದ್ರಕುಮಾರ್ ಗಾಡಿ ತಂದ. ಮಂಡಿಯಿಂದ ಬರುವಾಗ ಎರಡು ಸಲ ನಿಂತಿತಂತೆ, ಅಪ್ಪನ ಕಾಯಿಲನ್ನು ಇನ್ನೊಂದು ಸಲ ನೋಡಿಬಿಡಿ ಎಂದ. ಇವರು ಬಿಚ್ಚಿ ಹಲಗೆಗೆ ವೈರು ಕೊಟ್ಟರು. ನಾನು ಬಗ್ಗಿ ಸ್ವಿಚ್ಚು ಒತ್ತಿ ಬಿಟ್ಟೆ.

"ನೀಲಿ" ಎಂದೆ.

ಇವರು ಹೂಂ ಎಂದರು. ಕೈಯಲ್ಲಿ ಸ್ಪ್ಯಾನರ್ ಹಾಗೇ ಇತ್ತು, ಕಾಯಿಲನ್ನು ತಿರುಗಿ ಕೂರಿಸಲು ಕೈ ಚಾಚಲಿಲ್ಲ.

"ಚಂದ್ರಕುಮಾರ್, ನೀನೊಂದ್ಸಲ ನೋಡಿ ಹೇಳಪ್ಪ."

"ಅಕ್ಕ ನೋಡಿದಾರಲ್ಲ ಸಾಬ್ರೆ."

"ನೋಡಿದಾಳೆ. ನೀನೂ ನೋಡು. ನಿನಗೆ ನಾನು ಕಳ್ಳ ಅನ್ನಿಸ್ದಾಗ ನನ್ನೆದುರಿಗೆ ನಿಂತು ಹೇಳ್ದೆ."

ಸಿಟ್ಟಿನ ದನಿಯಲ್ಲ ಅದು. ಹತ್ತನೇ ನಂಬರ್ ಸ್ಪ್ಯಾನರ್ ಕೊಡು ಎಂದಷ್ಟು ಸಲೀಸಾಗಿ ಹೇಳಿದರು. ನನಗೆ ಕನ್ನಡದಲ್ಲೂ ಬೈಗುಳ ಸಿಗಲಿಲ್ಲ, ದಖನಿಯಲ್ಲೂ ಸಿಗಲಿಲ್ಲ. ಚಂದ್ರಕುಮಾರ್ ನನ್ನ ಕಡೆ ನೋಡದೆ ಬಗ್ಗಿದ. ನಾನು ಇನ್ನೊಂದು ಸಲ ಸ್ವಿಚ್ಚು ಒತ್ತಿದೆ.

"ನೀಲಿ ಸಾಬ್ರೆ" ಎಂದ ಅವನು.

ಆಮೇಲೆ ಇವರು ಕಾಯಿಲನ್ನು ಗಾಡಿಗೆ ಕೂರಿಸಿದರು.